ಎಲ್ಡರ್ ಸ್ಕ್ರೋಲ್ಸ್ 6 ಬಾಗಿಲು ಮುಚ್ಚುವುದನ್ನು ಕಲಿಯಲಿ

2018ರ ಜೂನ್ 10ರಂದು ಇ3 ಎಂಬ ವಿಡಿಯೊ ಗೇಮ್ ಮೇಳದಲ್ಲಿ ಆಟಗಳ ನಿರ್ಮಾಣ ಸಂಸ್ಥೆ ಬೆಥೆಸ್ಡಾ ‘ದಿ ಎಲ್ಡರ್ ಸ್ಕ್ರೋಲ್ಸ್ 6’ ಆಟವನ್ನು ಘೋಷಿಸಿದಾಗ ತೋರಿಸಿದ್ದು ಅರ್ಧ ನಿಮಿಷದಷ್ಟು ದೃಶ್ಯವನ್ನು ಮಾತ್ರ. ಕಲ್ಲುಬೆಟ್ಟಗಳ ಸಾಲು, ಅದರಂಚಿನಲ್ಲಿ ಕಡಲು, ಕೊನೆಗೆ ಆಟದ ಹೆಸರು. ಕಾಳಗ ಹೇಗಿರುತ್ತದೆ, ಮಂತ್ರಗಳು ಹೇಗಿರುತ್ತವೆ, ಪಾತ್ರವನ್ನು ಯಾವ ರೀತಿ ಕಟ್ಟಬೇಕಾಗುತ್ತದೆ ಎಂಬುದರ ಸುಳಿವು ಅದರಲ್ಲಿರಲಿಲ್ಲ. ಆಟವು ಪೂರ್ವಸಿದ್ಧತೆಯ ಹಂತವನ್ನು ದಾಟಿ ನಿರ್ಮಾಣದ ಮೊದಲ ಹಂತಕ್ಕೆ ಬಂದಿದೆಯೆಂದು 2023ರ ಆಗಸ್ಟ್‌ನಲ್ಲಿಯೂ, ಅದರ ಆರಂಭಿಕ ಆವೃತ್ತಿಗಳನ್ನು ತಂಡದವರು ಆಡಿ ನೋಡುತ್ತಿದ್ದಾರೆಂದು ಸರಣಿಗೆ ಮೂವತ್ತು ವರ್ಷ ತುಂಬಿದ 2024ರ ಮಾರ್ಚ್‌ನಲ್ಲಿಯೂ ತಿಳಿದುಬಂತು. ಆದ್ದರಿಂದ ಈ ಆಟದ ಬಗ್ಗೆ ಏನನ್ನಾದರೂ ನಿರೀಕ್ಷಿಸುವುದಾದರೆ ಆ ನಿರೀಕ್ಷೆಗೆ ಸರಣಿಯ ಹಿಂದಿನ ಆಟಗಳನ್ನೂ, ಅದೇ ಸಂಸ್ಥೆಯ ‘ಸ್ಟಾರ್‌ಫೀಲ್ಡ್’ ಆಟವನ್ನೂ ಆಧಾರವಾಗಿಟ್ಟುಕೊಳ್ಳಬೇಕಾಗುತ್ತದೆ.

ಹೆಚ್ಚಿನ ಚರ್ಚೆಗಳು ನಕ್ಷೆ ಎಷ್ಟು ದೊಡ್ಡದು, ಚಿತ್ರಗಳು ಎಷ್ಟು ಸ್ಪಷ್ಟ ಎಂಬಲ್ಲಿಗೆ ಬಂದು ನಿಲ್ಲುತ್ತವೆ. ನನಗೆ ಆ ಎರಡರ ಚಿಂತೆ ಇಲ್ಲ. ಅವು ಹೇಗೂ ಆಗುತ್ತವೆ. ನಾನು ಕಾಯುತ್ತಿರುವುದು ಬೇರೊಂದು ಬದಲಾವಣೆಗೆ: ಆಟಗಾರ ಕೇಳಿದ್ದಕ್ಕೆಲ್ಲ ಒಪ್ಪಿಕೊಳ್ಳುವ ಅಭ್ಯಾಸವನ್ನು ಈ ಸರಣಿ ಬಿಡಬೇಕು. ನೀನು ಆಯ್ದುಕೊಂಡ ದಾರಿ ಇದು, ಆದ್ದರಿಂದ ಆ ಇನ್ನೊಂದು ದಾರಿ ನಿನಗಿಲ್ಲ ಎಂದು ಆಟ ಒಮ್ಮೊಮ್ಮೆಯಾದರೂ ಹೇಳಬೇಕು.

ಸರಣಿ ಮೊದಲಿನಿಂದಲೂ ಹೀಗಿರಲಿಲ್ಲ. 2002ರ ‘ಮೊರೋವಿಂಡ್’ನಲ್ಲಿ ಮಂತ್ರವಾದಿಗಳ ಗಿಲ್ಡ್ (ಸಂಘ) ಸೇರುವುದು ಸುಲಭವಾಗಿತ್ತು, ಆದರೆ ಅಲ್ಲಿ ಮೇಲಕ್ಕೇರಲು ಕೆಲಸಗಳನ್ನು ಮುಗಿಸಿದರಷ್ಟೇ ಸಾಲುತ್ತಿರಲಿಲ್ಲ. ಪ್ರತಿಯೊಂದು ಪದವಿಗೂ ನಿಗದಿತ ಗುಣಗಳೂ ಕೌಶಲಗಳೂ ಬೇಕಾಗಿದ್ದವು. ಆರ್ಚ್‌ಮೇಜ್ ಎಂಬ ಅತ್ಯುನ್ನತ ಪದವಿಗೇರಬೇಕೆಂದರೆ ಗಿಲ್ಡ್ ಮಾನ್ಯ ಮಾಡುವ ಕೌಶಲಗಳಲ್ಲಿ ಒಂದಾದರೂ 90ಕ್ಕೆ ಏರಿರಬೇಕಿತ್ತು. ಹ್ಲಾಲು, ರೆಡೊರಾನ್, ಟೆಲ್ವಾನ್ನಿ ಎಂಬ ಮೂರು ಮಹಾಮನೆತನಗಳಲ್ಲಿ ಒಂದನ್ನು ಸೇರಿದವನಿಗೆ ಉಳಿದೆರಡರ ಬಾಗಿಲು ಮುಚ್ಚಿಹೋಗುತ್ತಿತ್ತು. ಮುಖ್ಯ ಕಥೆಗೆ ಬೇಕಾದ ವ್ಯಕ್ತಿಯನ್ನು ಕೊಂದರೆ ಆಟ ಅದನ್ನು ತಡೆಯುತ್ತಿರಲಿಲ್ಲ. ಭವಿಷ್ಯವಾಣಿಯ ಎಳೆ ಕಡಿದುಹೋಯಿತು, ಬೇಕಿದ್ದರೆ ಹಳೆಯ ಸೇವ್‌ಗೆ ಮರಳು, ಇಲ್ಲವೇ ನೀನೇ ಕೆಡಿಸಿದ ಈ ಲೋಕದಲ್ಲಿ ಬಾಳು ಎಂಬರ್ಥದ ಸಂದೇಶವನ್ನು ತೋರಿಸಿ ಸುಮ್ಮನಾಗುತ್ತಿತ್ತು. ಆಟಗಾರನ ಕೈಯಲ್ಲಿರುವ ಕತ್ತಿಗೆ ನಿಜವಾದ ತೂಕ ಬರುವುದು ಇಂಥ ಸಂದೇಶದಿಂದಲೇ ಹೊರತು ಕತ್ತಿ ತಾಗಿದಾಗ ಚಿಮ್ಮುವ ರಕ್ತದಿಂದಲ್ಲ.

2011ರ ನವೆಂಬರ್ 11ರಂದು ಬಂದ ‘ಸ್ಕೈರಿಮ್’ ಇದಕ್ಕೆ ವಿರುದ್ಧ ದಿಕ್ಕಿನಲ್ಲಿದೆ. ಅಲ್ಲಿ ಬೆರಳೆಣಿಕೆಯ ಮಂತ್ರಗಳನ್ನಷ್ಟೇ ಬಲ್ಲ ಕೊಡಲಿಯ ವೀರನೊಬ್ಬ ವಿಂಟರ್‌ಹೋಲ್ಡ್ ವಿದ್ಯಾಲಯದ ಆರ್ಚ್‌ಮೇಜ್ ಆಗಬಲ್ಲ. ಅದೇ ವ್ಯಕ್ತಿ ಕಂಪ್ಯಾನಿಯನ್ಸ್ ಪಡೆಯ ನಾಯಕನೂ, ಕಳ್ಳರ ಗಿಲ್ಡ್‌ನ ಒಡೆಯನೂ, ಕೊಲೆಗಡುಕರ ಡಾರ್ಕ್ ಬ್ರದರ್‌ಹುಡ್‌ನ ಮುಖ್ಯಸ್ಥನೂ ಆಗಿ ಒಂದೇ ಸಂಜೆಯಲ್ಲಿ ನಾಲ್ಕೂ ಕಡೆ ಗೌರವ ಸ್ವೀಕರಿಸಿ ಬರಬಲ್ಲ. ಈ ನಾಲ್ವರಿಗೂ ಒಬ್ಬರನ್ನೊಬ್ಬರು ಕಂಡರೆ ಆಗಬಾರದು, ಆದರೂ ಯಾರಿಗೂ ತಕರಾರಿಲ್ಲ. ಅಂತರ್ಯುದ್ಧದಲ್ಲಿ ಸಾಮ್ರಾಜ್ಯದ ಪಕ್ಷವೋ ಅದರ ವಿರುದ್ಧ ಬಂಡೆದ್ದ ಸ್ಟಾರ್ಮ್‌ಕ್ಲೋಕ್‌ಗಳ ಪಕ್ಷವೋ ಎಂದು ಆರಿಸಿಕೊಳ್ಳಬೇಕಾಗುತ್ತದೆ ಎಂಬುದು ನಿಜ. ಆದರೆ ಅಷ್ಟು ದೊಡ್ಡ ಆಟದಲ್ಲಿ ಅಂಥ ಕಡೆಗಳು ವಿರಳ, ಮತ್ತು ಯುದ್ಧ ಮುಗಿದ ಮೇಲೆ ಊರುಗಳಲ್ಲಿ ಕಾಣುವ ವ್ಯತ್ಯಾಸ ಹೆಚ್ಚಾಗಿ ಕಾವಲುಗಾರರ ಉಡುಪಿನದು.

ಈ ಸಡಿಲತೆ ಸೋಮಾರಿತನದಿಂದ ಹುಟ್ಟಿದ್ದೆಂದು ನಾನು ಹೇಳುವುದಿಲ್ಲ. 2006ರ ‘ಆಬ್ಲಿವಿಯನ್’ನಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆದವು: ಎಲ್ಲ ಸಂಭಾಷಣೆಗೂ ಧ್ವನಿ ಬಂತು, ಮತ್ತು ರೇಡಿಯಂಟ್ ಎಐ ಎಂಬ ವ್ಯವಸ್ಥೆಯಿಂದಾಗಿ ಊರಿನ ಜನ ತಮ್ಮದೇ ದಿನಚರಿಯಂತೆ ಓಡಾಡತೊಡಗಿದರು. ಓಡಾಡುವ ಮನುಷ್ಯ ದಾರಿಯಲ್ಲಿ ತೋಳದ ಬಾಯಿಗೆ ಬೀಳಬಹುದು. ಅವನ ಬಳಿ ಒಂದು ಮುಖ್ಯ ಕೆಲಸ ಇದ್ದರೆ ಆಟಗಾರನ ತಪ್ಪಿಲ್ಲದೆಯೇ ಅದು ಕೈತಪ್ಪುತ್ತದೆ. ಹಾಗಾಗಿ ಮುಖ್ಯರಾದವರು ಸಾಯದೆ ಪ್ರಜ್ಞೆ ತಪ್ಪಿ ಬಿದ್ದು ಮತ್ತೆ ಎದ್ದು ಕೂರುವ ಏರ್ಪಾಡು ಬಂತು. ಧ್ವನಿಮುದ್ರಿತ ಸಂಭಾಷಣೆಯಾದರೋ ದುಬಾರಿ. ಹತ್ತರಲ್ಲಿ ಒಬ್ಬ ಆಟಗಾರ ಮಾತ್ರ ಕೇಳಬಹುದಾದ ಮಾತುಗಳನ್ನು ಮುದ್ರಿಸಲು ಯಾವ ನಿರ್ಮಾಪಕನಿಗೂ ಮನಸ್ಸು ಬರುವುದು ಕಷ್ಟ. ಆದರೆ 2023ರ ಆಗಸ್ಟ್‌ನಲ್ಲಿ ಬಂದ, ಬೇರೊಂದು ಸಂಸ್ಥೆಯ ‘ಬಾಲ್ಡರ್ಸ್ ಗೇಟ್ 3’ ಆಟ ಆ ಹಿಂಜರಿಕೆಯನ್ನು ಸುಳ್ಳು ಮಾಡಿತು. ಒಬ್ಬ ಆಟಗಾರ ಒಮ್ಮೆ ಆಡಿದರೆ ಅದರ ಬಹುಪಾಲು ದೃಶ್ಯಗಳು ಅವನ ಕಣ್ಣಿಗೇ ಬೀಳುವುದಿಲ್ಲ, ಸಂಗಾತಿಗಳು ಮುನಿಸಿಕೊಂಡು ಬಿಟ್ಟುಹೋಗುತ್ತಾರೆ, ಸತ್ತವರು ಕಥೆಯಿಂದ ಹೊರಗೇ ಉಳಿಯುತ್ತಾರೆ. ಜನ ಅದನ್ನು ನಷ್ಟವೆಂದು ಭಾವಿಸಲಿಲ್ಲ, ಎರಡನೆಯ ಸಲ ಆಡಲು ಕಾರಣವೆಂದೇ ತಿಳಿದರು. ಅದು ಮನಬಂದ ಕಡೆ ಅಲೆಯಬಹುದಾದ ಮುಕ್ತ ಪ್ರಪಂಚದ ಆಟವಲ್ಲ, ಅಷ್ಟು ದಟ್ಟವಾಗಿ ಎಲ್ಡರ್ ಸ್ಕ್ರೋಲ್ಸ್ ಬರೆಯಲು ಆಗುವುದೂ ಇಲ್ಲ ಎಂಬುದನ್ನು ಒಪ್ಪುತ್ತೇನೆ. ಗಿಲ್ಡ್‌ಗಳ ಮಟ್ಟಿಗಾದರೂ ಅದನ್ನು ಮಾಡಬಹುದು.

ಪಾತ್ರ ಕಟ್ಟುವ ವ್ಯವಸ್ಥೆಯಲ್ಲಿಯೂ ಇದೇ ಕಥೆ ನಡೆದಿದೆ. ಮೊರೋವಿಂಡ್‌ನಲ್ಲಿ 27 ಕೌಶಲಗಳಿದ್ದವು, ಆಬ್ಲಿವಿಯನ್‌ನಲ್ಲಿ 21 ಆದವು, ಸ್ಕೈರಿಮ್‌ನಲ್ಲಿ 18 ಉಳಿದವು. ಶಕ್ತಿ, ಬುದ್ಧಿ, ಚುರುಕುತನ, ಅದೃಷ್ಟ ಮುಂತಾದ ಎಂಟು ಮೂಲಗುಣಗಳು ಸ್ಕೈರಿಮ್‌ಗೆ ಬರುವಷ್ಟರಲ್ಲಿ ಪೂರ್ತಿ ಮಾಯವಾಗಿ, ಅವುಗಳ ಜಾಗದಲ್ಲಿ ಆರೋಗ್ಯ, ಮಂತ್ರಬಲ, ದೇಹಬಲ ಎಂಬ ಮೂರು ಅಳತೆಪಟ್ಟಿಗಳು ಬಂದವು. ಹಳೆಯ ಆಟಗಾರರಲ್ಲಿ ಅನೇಕರು ಇದನ್ನು ಅವನತಿಯೆಂದೇ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆಬ್ಲಿವಿಯನ್‌ನ ಲೆಕ್ಕಾಚಾರ ನಿಜಕ್ಕೂ ವಿಚಿತ್ರವಾಗಿತ್ತು: ಮಟ್ಟ ಏರುವಾಗ ಒಂದು ಗುಣಕ್ಕೆ ಐದು ಅಂಕ ಸಿಗಬೇಕೆಂದರೆ ಅದಕ್ಕೆ ಸಂಬಂಧಿಸಿದ ಕೌಶಲಗಳನ್ನು ಅಷ್ಟರೊಳಗೆ ಎಣಿಸಿ ಎಣಿಸಿ ಹತ್ತು ಸಲ ಏರಿಸಿರಬೇಕಿತ್ತು, ಆದ್ದರಿಂದ ಜಾಗರೂಕ ಆಟಗಾರರು ತಮಗೆ ಬೇಕಾದ ಕೌಶಲವನ್ನು ಬಳಸದೆ ತಡೆದು, ಬೇಡದ ಕೌಶಲವನ್ನು ಗೋಡೆಯ ಮುಂದೆ ನಿಂತು ಬೆಳೆಸುತ್ತಿದ್ದರು. ಅದನ್ನು ಕಿತ್ತುಹಾಕಿದ್ದು ಸರಿ. ಕಿತ್ತುಹಾಕಿದ ಜಾಗವನ್ನು ಖಾಲಿ ಬಿಟ್ಟಿದ್ದು ಸರಿಯಲ್ಲ. ಸ್ಕೈರಿಮ್‌ನಲ್ಲಿ ಯಾವ ಜನಾಂಗದ ಪಾತ್ರವನ್ನೇ ಆರಿಸಿದರೂ ಮೂವತ್ತನೆಯ ಮಟ್ಟದ ಹೊತ್ತಿಗೆ ಎಲ್ಲರೂ ಕತ್ತಲಲ್ಲಿ ಕುಳಿತು ಬಾಣ ಬಿಡುವವರಾಗುತ್ತಾರೆ ಎಂಬ ನಗೆಚಟಾಕಿ ಸುಮ್ಮನೆ ಹುಟ್ಟಿದ್ದಲ್ಲ.

ಮುಂದಿನ ಆಟ ಯಾವ ಕಡೆ ತಿರುಗಬಹುದು ಎಂಬುದಕ್ಕೆ ಎರಡು ಸೂಚನೆಗಳಿವೆ. 2023ರ ಸೆಪ್ಟೆಂಬರ್‌ನಲ್ಲಿ ಬಂದ ಸ್ಟಾರ್‌ಫೀಲ್ಡ್‌ನಲ್ಲಿ ಪಾತ್ರಕ್ಕೊಂದು ಹಿನ್ನೆಲೆ ಇದೆ, ಲಾಭದೊಂದಿಗೆ ನಷ್ಟವನ್ನೂ ತರುವ ಸ್ವಭಾವಗಳಿವೆ, ಮತ್ತು ಒಂದು ಕೌಶಲದ ಮುಂದಿನ ಹಂತಕ್ಕೆ ಅಂಕ ಕೊಟ್ಟರೆ ಸಾಲದು, ಆ ಕೌಶಲವನ್ನು ಬಳಸಿ ಒಂದು ಸವಾಲನ್ನು ಮುಗಿಸಿರಬೇಕು. ‘ಫಾಲ್‌ಔಟ್ 4’ರಲ್ಲಿ ನಾಯಕನಿಗೆ ಧ್ವನಿ ಕೊಟ್ಟು ಉತ್ತರಗಳನ್ನು ನಾಲ್ಕಕ್ಕೆ ಇಳಿಸಿದ್ದ ಸಂಸ್ಥೆಯು ಸ್ಟಾರ್‌ಫೀಲ್ಡ್‌ನಲ್ಲಿ ಆ ಧ್ವನಿಯನ್ನು ಕೈಬಿಟ್ಟದ್ದೂ ಒಳ್ಳೆಯ ಲಕ್ಷಣ. ಎರಡನೆಯ ಸೂಚನೆ 2025ರ ಏಪ್ರಿಲ್ 22ರಂದು ಬಂದ ಆಬ್ಲಿವಿಯನ್‌ನ ಹೊಸ ಆವೃತ್ತಿ. ಅದರಲ್ಲಿ ಎಂಟು ಮೂಲಗುಣಗಳು ಹಾಗೆಯೇ ಉಳಿದಿವೆ, ಆದರೆ ಹಳೆಯ ಲೆಕ್ಕಾಚಾರ ಹೋಗಿ, ಪ್ರತಿ ಮಟ್ಟಕ್ಕೂ ಸಿಗುವ 12 ಅಂಕಗಳನ್ನು ಆಟಗಾರನೇ ಹಂಚಿಕೊಳ್ಳುವ ಸರಳ ಕ್ರಮ ಬಂದಿದೆ. ಗುಣಗಳೂ ಇರಬಹುದು, ತಲೆನೋವೂ ಇಲ್ಲದಿರಬಹುದು ಎಂಬುದು ಇದರಿಂದ ಸಾಬೀತಾಯಿತು. ಆರನೆಯ ಆಟದಲ್ಲಿ ಮೂಲಗುಣಗಳು ಯಾವುದೋ ರೂಪದಲ್ಲಿ ಮರಳುತ್ತವೆ ಎಂದೇ ನನ್ನ ಅಂದಾಜು.

ಮಂತ್ರಗಳ ವಿಷಯದಲ್ಲಿ ನನಗೆ ಅಷ್ಟು ಧೈರ್ಯವಿಲ್ಲ. ಆಬ್ಲಿವಿಯನ್‌ವರೆಗೂ ಆಟಗಾರ ಸ್ವಂತ ಮಂತ್ರಗಳನ್ನು ರಚಿಸಿಕೊಳ್ಳಬಹುದಿತ್ತು: ಪರಿಣಾಮ ಯಾವುದು, ಎಷ್ಟು ತೀವ್ರ, ಎಷ್ಟು ಹೊತ್ತು, ಎಷ್ಟು ವಿಸ್ತಾರ, ತನ್ನ ಮೇಲೋ ಮುಟ್ಟಿದವರ ಮೇಲೋ ದೂರದವರ ಮೇಲೋ ಎಂಬುದನ್ನು ತಾನೇ ನಿರ್ಧರಿಸಿ, ಅದಕ್ಕೆ ತಕ್ಕ ಮಂತ್ರಬಲದ ಬೆಲೆ ತೆರಬಹುದಿತ್ತು. ಅದರಿಂದ ಆಟದ ಸಮತೋಲ ಕೆಡುತ್ತಿತ್ತು. ಮಂತ್ರಗಳಿಗೆ ಎದುರಾಳಿ ತೋರುವ ಪ್ರತಿರೋಧವನ್ನು ಮೊದಲು ಕುಗ್ಗಿಸಿ, ಆ ಕುಗ್ಗುವಿಕೆಯ ಮೇಲೆ ಇನ್ನೊಂದು ಕುಗ್ಗುವಿಕೆಯನ್ನು ಹೇರಿ, ಕೊನೆಗೆ ಸಣ್ಣದೊಂದು ಕಿಡಿಯಿಂದ ದೈತ್ಯರನ್ನು ಉರುಳಿಸುವವರಿದ್ದರು. ಸ್ಕೈರಿಮ್ ಈ ಸೌಲಭ್ಯವನ್ನೇ ತೆಗೆದುಹಾಕಿ, ಎರಡೂ ಕೈಗಳಿಂದ ಮಂತ್ರ ಬಿಡುವ, ನೆಲದ ಮೇಲೆ ಬಲೆಯಂತೆ ಬರೆದಿಡುವ ಹೊಸ ವಿಧಾನಗಳನ್ನು ಕೊಟ್ಟಿತು. ಅವು ಕಣ್ಣಿಗೆ ಚಂದವಾಗಿದ್ದವು, ಆದರೆ ಎಲ್ಲರ ಕೈಯಲ್ಲೂ ಅದೇ ಬೆಂಕಿ. ಈಗ ಬೇಕಾಗಿರುವುದು ಇವೆರಡರ ಕೂಡಿಕೆ: ಮಂತ್ರ ರಚನೆ ಮರಳಲಿ, ಆದರೆ ಅದು ಆ ವಿದ್ಯೆಗೇ ಬದುಕನ್ನು ಮೀಸಲಿಟ್ಟ ಪಾತ್ರಗಳಿಗೆ ಮಾತ್ರ ದಕ್ಕಲಿ. ಕೊಡಲಿಯ ವೀರನಿಗೆ ಅದು ಸಿಗದಿದ್ದರೆ ಅವನಿಗೇನೂ ಅನ್ಯಾಯವಾಗುವುದಿಲ್ಲ.

ಶತ್ರುಗಳ ಮಟ್ಟದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಆಟಗಾರ ಬಲಿಷ್ಠನಾದಂತೆಲ್ಲ ಆಬ್ಲಿವಿಯನ್‌ನ ದಾರಿಗಳ್ಳರು ಅತ್ಯಮೂಲ್ಯ ಗಾಜಿನ ಕವಚ ತೊಟ್ಟು ಬಂದು ಚಿಲ್ಲರೆ ಹಣಕ್ಕಾಗಿ ಬೆದರಿಸುತ್ತಿದ್ದರು. ಅದನ್ನು ಮಾರಿದರೆ ಅವರು ಜೀವನವಿಡೀ ಕುಳಿತು ಉಣ್ಣಬಹುದಿತ್ತು. ಸ್ಕೈರಿಮ್ ಒಂದೊಂದು ಪ್ರದೇಶದ ಶತ್ರುಗಳ ಮಟ್ಟಕ್ಕೂ ಮಿತಿ ಹಾಕಿ ಇದನ್ನು ಬಹುಮಟ್ಟಿಗೆ ಸರಿಪಡಿಸಿತು. 2022ರ ‘ಎಲ್ಡನ್ ರಿಂಗ್’ ತನ್ನ ಆಟಗಾರರನ್ನು ಆರಂಭದಲ್ಲೇ ಸಾವಿನ ಬಾಯಿಗೆ ನಡೆದುಹೋಗಲು ಬಿಟ್ಟಿತು, ಮತ್ತು ಅವರು ಹಿಂದಿರುಗಿ ಬೇರೆ ದಿಕ್ಕು ಹಿಡಿಯುವುದನ್ನು ಕಲಿತರು. ಇಲ್ಲಿಗೆ ಈಗ ಬರಬೇಡ ಎಂದು ನೆಲವೇ ಹೇಳುವ ಆ ಬಗೆ ಈ ಸರಣಿಗೂ ಒಪ್ಪುತ್ತದೆ.

ದಾರಿ ತೋರಿಸುವ ಕ್ರಮವನ್ನು ಮಾತ್ರ ಇನ್ನಷ್ಟು ಗಮನವಿಟ್ಟು ನೋಡಬೇಕು. ಮೊರೋವಿಂಡ್‌ನಲ್ಲಿ ಕೆಲಸ ಕೊಡುವವನೇ ದಾರಿಯನ್ನೂ ಹೇಳುತ್ತಿದ್ದ: ಸೇತುವೆ ದಾಟು, ಹೊಳೆಯ ಪಕ್ಕದಲ್ಲಿ ಉತ್ತರಕ್ಕೆ ಹೋಗು, ಎರಡು ಬಂಡೆಗಳ ನಡುವೆ ಗುಹೆಯ ಬಾಯಿ ಕಾಣುತ್ತದೆ. ಆಬ್ಲಿವಿಯನ್ ಈ ಮಾತುಗಳ ಬದಲಿಗೆ ದಿಕ್ಸೂಚಿಯ ಮೇಲೊಂದು ಗುರುತನ್ನು ಕೂರಿಸಿತು. ಗುರುತು ಬೇಡವೆಂದರೆ ಅಳಿಸಿಬಿಡಿ ಎಂದು ಸಮಾಧಾನ ಹೇಳುವವರು ಮರೆಯುವ ಸಂಗತಿಯೊಂದಿದೆ. ಸ್ಕೈರಿಮ್‌ನಲ್ಲಿ ಗುರುತನ್ನು ಅಳಿಸಿದರೆ ಎಷ್ಟೋ ಕೆಲಸಗಳನ್ನು ಮುಗಿಸಲು ಸಾಧ್ಯವೇ ಇಲ್ಲ, ಏಕೆಂದರೆ ಆ ಜಾಗ ಎಲ್ಲಿದೆಯೆಂದು ಆಟದೊಳಗಿನ ಯಾರೂ ಹೇಳುವುದಿಲ್ಲ. ಗುರುತು ಇರಲಿ, ಆದರೆ ಅದಿಲ್ಲದೆಯೂ ನಡೆಯುವಷ್ಟು ಮಾತನ್ನು ಬರೆಯಲಿ. ಸಾವಿರಕ್ಕೂ ಹೆಚ್ಚು ಗ್ರಹಗಳಿದ್ದ ಸ್ಟಾರ್‌ಫೀಲ್ಡ್‌ನ ನಿಜವಾದ ಕೊರತೆ ಇಲ್ಲಿಯೇ ಇತ್ತು. ಅಲ್ಲಿ ತಾಣಗಳಿದ್ದವು, ಅವುಗಳ ನಡುವೆ ದಾರಿ ಇರಲಿಲ್ಲ. ನಕ್ಷೆ ತೆರೆದು ಹಾರುವುದೇ ಪ್ರಯಾಣವಾಗಿತ್ತು. ಒಂದೇ ಭೂಭಾಗದ ಮೇಲೆ ನಡೆಯುವ ಎಲ್ಡರ್ ಸ್ಕ್ರೋಲ್ಸ್‌ಗೆ ಆ ಕೊರತೆ ತಾನಾಗಿಯೇ ತಪ್ಪುತ್ತದೆ ಎಂದು ನಂಬಿದ್ದೇನೆ.

ಎಂಜಿನ್, ಅಂದರೆ ಆಟವನ್ನು ನಡೆಸುವ ಮೂಲ ತಂತ್ರಾಂಶ, ಬದಲಿಸಬೇಕೆಂಬ ಕೂಗು ಆಗಾಗ ಏಳುತ್ತದೆ. ಅದರಲ್ಲಿ ಅರ್ಧ ಸತ್ಯವಿದೆ. ಬೆಥೆಸ್ಡಾದ ಆಟಗಳಲ್ಲಿ ಒಳಾಂಗಣಗಳು ಬೇರೆ ಬೇರೆ ಕೋಶಗಳಾಗಿರುವುದರಿಂದಲೇ ಪ್ರತಿ ಬಾಗಿಲಿಗೂ ಲೋಡಿಂಗ್ ಪರದೆ ಬರುತ್ತದೆ. ಆಬ್ಲಿವಿಯನ್‌ನಲ್ಲಿ ಕೋಟೆಯ ನಗರಗಳೂ ಹೀಗೆ ಪ್ರತ್ಯೇಕ ಲೋಕಗಳಾದ ಕಾರಣ, ಗೋಡೆಯ ಮೇಲಿಂದ ಹಾರಿಹೋಗಲು ಬಿಡುವ ತೇಲುವ ಮಂತ್ರವನ್ನೇ ತೆಗೆಯಬೇಕಾಯಿತು. 1996ರ ‘ಡ್ಯಾಗರ್‌ಫಾಲ್’ನಲ್ಲಿ ಗೋಡೆ ಹತ್ತುವುದು ಒಂದು ಕೌಶಲವಾಗಿತ್ತು ಎಂಬುದನ್ನು ನೆನೆದರೆ ನಷ್ಟದ ಅಳತೆ ತಿಳಿಯುತ್ತದೆ. ನಗರಗಳು ತೆರೆದುಕೊಂಡರೆ ಹತ್ತುವುದೂ ತೇಲುವುದೂ ಮರಳಬಹುದು. ಆದರೆ ಮೇಜಿನ ಮೇಲಿನ ಬಟ್ಟಲನ್ನು ಎತ್ತಿ ಮೂಲೆಯಲ್ಲಿಟ್ಟರೆ ಬಹುಕಾಲದ ನಂತರವೂ ಅದು ಅಲ್ಲಿಯೇ ಇರುತ್ತದೆ ಎಂಬ ಗುಣವೂ ಇದೇ ಎಂಜಿನ್‌ನ ಕೊಡುಗೆ, ಮಾಡ್ ಮಾಡುವವರಿಗೆ, ಅಂದರೆ ಆಟವನ್ನು ತಾವೇ ಮಾರ್ಪಡಿಸುವ ಅಭಿಮಾನಿಗಳಿಗೆ, ಇಷ್ಟು ಅನುಕೂಲ ಒದಗಿಸಿದ್ದೂ ಇದೇ. ಇದನ್ನು ಕಳೆದುಕೊಂಡು ನುಣುಪಾದ ಚಿತ್ರಗಳನ್ನು ಪಡೆಯುವ ವ್ಯಾಪಾರ ನನಗೆ ಒಪ್ಪಿಗೆಯಿಲ್ಲ.

ಹೊಸ ಆಟ ಎಲ್ಲಿ ನಡೆಯುತ್ತದೆ ಎಂಬ ಬಗ್ಗೆ ಅಭಿಮಾನಿಗಳ ಊಹೆ ಹೆಚ್ಚಾಗಿ ಸರಣಿಯ ಲೋಕದ ನಾಡುಗಳಲ್ಲೊಂದಾದ ಹ್ಯಾಮರ್‌ಫೆಲ್ ಕಡೆಗಿದೆ. ಊಹೆ ನಿಜವಾದರೆ ನನ್ನ ಬೇಡಿಕೆಗೆ ಅದಕ್ಕಿಂತ ಒಳ್ಳೆಯ ನೆಲ ಸಿಗಲಾರದು. ಅಲ್ಲಿನ ರೆಡ್‌ಗಾರ್ಡ್ ಜನ ಕತ್ತಿವಿದ್ಯೆಯನ್ನು ಪೂಜಿಸುವವರು, ಮಂತ್ರವಿದ್ಯೆಯನ್ನು ಸಂಶಯದಿಂದ ನೋಡುವವರು, ಸತ್ತವರನ್ನು ಎಬ್ಬಿಸುವ ವಿದ್ಯೆಯನ್ನಂತೂ ಮಹಾಪಾಪವೆಂದು ತಿಳಿದವರು. ಅಂಥ ನಾಡಿನಲ್ಲಿ ಒಬ್ಬ ಆಟಗಾರ ಹೆಣಗಳನ್ನು ಎಬ್ಬಿಸಿಕೊಂಡು ಊರ ಬಾಗಿಲಿಗೆ ಬಂದಾಗ ಕಾವಲುಗಾರ ಏನು ಮಾಡುತ್ತಾನೆ, ಆ ಸುದ್ದಿ ಮುಂದಿನ ಊರಿಗೆ ತಲುಪುತ್ತದೆಯೇ, ಕತ್ತಿವಿದ್ಯೆಯ ಗುರು ಅವನನ್ನು ಶಿಷ್ಯನಾಗಿ ಸ್ವೀಕರಿಸಲು ನಿರಾಕರಿಸುತ್ತಾನೆಯೇ ಎಂಬ ಪ್ರಶ್ನೆಗಳಿಗೆ ಬೆಥೆಸ್ಡಾ ಕೊಡುವ ಉತ್ತರವನ್ನು, ಆಟದ ಮೊದಲ ಪೂರ್ಣ ಪ್ರದರ್ಶನ ನಡೆದ ದಿನ, ನಕ್ಷೆಯ ವಿಸ್ತಾರಕ್ಕಿಂತ ಮೊದಲು ಹುಡುಕಲಿದ್ದೇನೆ.