ಹೊಸಬರ ಸಂದರ್ಶನದಲ್ಲಿ ನಾವು ನಿಜಕ್ಕೂ ನೋಡುವುದೇನು?

ಎಂಜಿನಿಯರಿಂಗ್ ಕೊನೆಯ ಸೆಮಿಸ್ಟರಿನ ಫಲಿತಾಂಶ ಬರುವ ಹೊತ್ತಿಗೆ ಊರಿನ ಕಡೆಯಿಂದ ನನಗೆ ಬರುವ ಫೋನ್ ಕರೆಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವು: "ಹುಡುಗನ ಬಿ.ಇ. ಮುಗೀತು, ನಿಮ್ಮ ಕಂಪನೀಲಿ ಹೇಳಿ ಒಂದು ಕೆಲಸ ಕೊಡಿಸಿ." ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿರುವ, ಕೆಲವು ವರ್ಷಗಳಿಂದ ಹೊಸಬರ ಸಂದರ್ಶನವನ್ನೂ ನಡೆಸುತ್ತಿರುವ ನಾನು, ಹೇಳಿ ಕೊಡಿಸುವ ಪದ್ಧತಿ ಇಲ್ಲಿಲ್ಲ ಎಂದರೆ ಯಾರೂ ಪೂರ್ತಿ ನಂಬುವುದಿಲ್ಲ. ಒಳಗಿನ ನೌಕರರು ಪರಿಚಿತರ ಹೆಸರು ಸೂಚಿಸುವ ರೆಫರಲ್ ಎಂಬುದು ಇದೆ, ನಿಜ. ಆದರೆ ಅದರಿಂದ ಆಗುವುದು ಇಷ್ಟೇ: ನೌಕ್ರಿ ಡಾಟ್ ಕಾಮ್, ಲಿಂಕ್ಡ್‌ಇನ್‌ನಂಥ ಉದ್ಯೋಗ ಜಾಲತಾಣಗಳಲ್ಲಿ ಸಾವಿರಾರು ಅರ್ಜಿಗಳ ನಡುವೆ ಹೂತುಹೋಗಬಹುದಾಗಿದ್ದ ರೆಸ್ಯೂಮೆಯನ್ನು ಯಾರಾದರೂ ಒಬ್ಬರು ತೆರೆದು ಓದುತ್ತಾರೆ. ಅಲ್ಲಿಂದ ಮುಂದಿನದು ಅಭ್ಯರ್ಥಿಗೆ ಬಿಟ್ಟದ್ದು.

ಮೊದಲ ಜರಡಿ ಅಂಕಗಳದ್ದು. ಹತ್ತನೇ ತರಗತಿ, ಪಿಯುಸಿ, ಪದವಿ ಮೂರರಲ್ಲೂ ಶೇ. 60 ಇರಬೇಕು, ಬ್ಯಾಕ್‌ಲಾಗ್ (ಪಾಸಾಗದ ವಿಷಯ) ಉಳಿದಿರಬಾರದು ಎಂಬ ನಿಯಮವನ್ನು ಅನೇಕ ಕಂಪನಿಗಳು ಇಂದಿಗೂ ಇಟ್ಟುಕೊಂಡಿವೆ. ಹದಿನಾರನೇ ವಯಸ್ಸಿನಲ್ಲಿ ಬರೆದ ಪರೀಕ್ಷೆಯ ಅಂಕವು ಇಪ್ಪತ್ತೆರಡನೇ ವಯಸ್ಸಿನ ಕೆಲಸವನ್ನು ತಡೆಯುವುದು ನನ್ನ ಮಟ್ಟಿಗೆ ಅನ್ಯಾಯವೇ. ಅರ್ಜಿಗಳ ಸಂಖ್ಯೆ ಕಡಿಮೆ ಮಾಡಿಕೊಳ್ಳುವ ಸುಲಭದ ದಾರಿ ಎಂಬುದನ್ನು ಬಿಟ್ಟರೆ ಅದಕ್ಕೆ ಬೇರೆ ಸಮರ್ಥನೆ ಕಾಣುವುದಿಲ್ಲ. ಅದು ಎದುರಾದಲ್ಲಿ ವಾದಿಸಿ ಫಲವಿಲ್ಲ. ಅಂಕ ಕೇಳದೆ ನೇರವಾಗಿ ಕೋಡಿಂಗ್ ಪರೀಕ್ಷೆ ಇಡುವ ಸಣ್ಣ ಕಂಪನಿಗಳೂ ಇವೆ, ಅವುಗಳ ಕಡೆ ತಿರುಗಬೇಕು.

ಇನ್ನು ಟಿಸಿಎಸ್, ಇನ್ಫೋಸಿಸ್, ವಿಪ್ರೊಗಳಂಥ ದೊಡ್ಡ ಸೇವಾ ಕಂಪನಿಗಳ ಲೆಕ್ಕವೇ ಬೇರೆ. ಅವು ಸಿವಿಲ್, ಮೆಕ್ಯಾನಿಕಲ್ ಓದಿದವರನ್ನೂ ಒಟ್ಟೊಟ್ಟಿಗೆ ಆಯ್ಕೆ ಮಾಡಿಕೊಂಡು ತಾವೇ ಕಲಿಸುವ ಪದ್ಧತಿಯಿಂದ ಬೆಳೆದವು. ಮೈಸೂರಿನಲ್ಲಿರುವ ಇನ್ಫೋಸಿಸ್ ತರಬೇತಿ ಆವರಣವು ಹುಟ್ಟಿದ್ದೇ ಆ ಅಗತ್ಯದಿಂದ. ಹೀಗಾಗಿ ಅಲ್ಲಿನ ಪರೀಕ್ಷೆಯಲ್ಲಿ ಲೆಕ್ಕ, ತರ್ಕ, ಇಂಗ್ಲಿಷ್ ಓದಿ ಅರ್ಥಮಾಡಿಕೊಳ್ಳುವ ಶಕ್ತಿಗೆ ತೂಕ ಹೆಚ್ಚು. ವರ್ಷಕ್ಕೆ ಮೂರರಿಂದ ಮೂರೂವರೆ ಲಕ್ಷದ ಆರಂಭಿಕ ಸಂಬಳವು ಹತ್ತು ವರ್ಷಗಳಿಗೂ ಹೆಚ್ಚು ಕಾಲ ಅಲ್ಲೇ ನಿಂತಿದ್ದು, ಅಷ್ಟರಲ್ಲಿ ಬಿಟಿಎಂ ಲೇಔಟಿನ ಪಿ.ಜಿ. ಬಾಡಿಗೆ ಎಲ್ಲಿಂದ ಎಲ್ಲಿಗೆ ಹೋಯಿತೆಂಬುದನ್ನು ಬೇರೆ ಹೇಳಬೇಕಿಲ್ಲ.

ಸಂದರ್ಶನದ ವಿಷಯಕ್ಕೆ ಬರುತ್ತೇನೆ, ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಅದನ್ನೇ. ರೆಸ್ಯೂಮೆಯಲ್ಲಿ ಜಾವಾ, ಪೈಥಾನ್, ಎಸ್‌ಕ್ಯೂಎಲ್, ಮಷೀನ್ ಲರ್ನಿಂಗ್ ಎಂದು ಸಾಲಾಗಿ ಬರೆದಿರುತ್ತಾರೆ. ನಾನು ಆ ಪಟ್ಟಿಯನ್ನು ಹಾರಿಸಿ ಕೆಳಗಿನ 'ಪ್ರಾಜೆಕ್ಟ್' ಎಂಬ ಭಾಗಕ್ಕೆ ಹೋಗುತ್ತೇನೆ. ಕೊನೆಯ ವರ್ಷದ ಪ್ರಾಜೆಕ್ಟನ್ನು ವರದಿಯ ಸಮೇತ ಸಿದ್ಧಪಡಿಸಿ ಮಾರುವ ಅಂಗಡಿಗಳು ಬೆಂಗಳೂರಿನಲ್ಲಿ ಇರುವುದು ಗುಟ್ಟೇನಲ್ಲ. ಅಲ್ಲಿಂದ ತಂದದ್ದಾದರೆ ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ. "ಈ ಬಟನ್ ಒತ್ತಿದ ಮೇಲೆ ಡೇಟಾ ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿದರೆ, "ಅದನ್ನು ನಮ್ಮ ಟೀಮಿನ ಇನ್ನೊಬ್ಬರು ಮಾಡಿದ್ದು ಸರ್" ಎಂಬ ಉತ್ತರ ಬರುತ್ತದೆ. ಆ ಇನ್ನೊಬ್ಬರನ್ನು ಇಂದಿನವರೆಗೆ ಯಾವ ಸಂದರ್ಶಕನೂ ಕಂಡಂತಿಲ್ಲ.

ಇದಕ್ಕೆ ವಿರುದ್ಧವಾದದ್ದೊಂದನ್ನೂ ಹೇಳಬೇಕು. ಹಾಸನದ ಕಡೆಯ ಹುಡುಗಿಯೊಬ್ಬಳು ತನ್ನ ಊರಿನ ಡೇರಿಗಾಗಿ ಒಂದು ಸಣ್ಣ ಪ್ರೋಗ್ರಾಮ್ ಬರೆದಿದ್ದಳು. ಅವಳ ತಂದೆ ಅಲ್ಲಿನ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. ಬೆಳಿಗ್ಗೆ, ಸಂಜೆ ಪ್ರತಿಯೊಬ್ಬ ಸದಸ್ಯರು ಹಾಕಿದ ಹಾಲಿನ ಲೀಟರು, ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ದಾಖಲಿಸಿ ಬಿಲ್ಲು ತೆಗೆಯುವ ಪ್ರೋಗ್ರಾಮ್ ಅದು. ನೋಡಲು ಏನೇನೂ ಚೆನ್ನಾಗಿರಲಿಲ್ಲ. ಕಾಗದ ಕೊಟ್ಟು ಮಾಹಿತಿ ಇಡುವ ಟೇಬಲ್‌ಗಳನ್ನು (ಕೋಷ್ಟಕಗಳನ್ನು) ಬರೆದು ತೋರಿಸಲು ಹೇಳಿದೆ. ಸದಸ್ಯರಿಗೊಂದು, ದಿನದ ಹಾಲಿಗೊಂದು, ದರಕ್ಕೊಂದು ಎಂದು ಮೂರು ಚೌಕ ಎಳೆದಳು. ದರವನ್ನು ಕೋಡಿನೊಳಗೇ ಬರೆಯದೆ ಪ್ರತ್ಯೇಕವಾಗಿ ಇಟ್ಟದ್ದೇಕೆ ಎಂದು ಕೇಳಿದ್ದಕ್ಕೆ, ಹಾಲಿನ ದರ ಆಗಾಗ ಬದಲಾಗುತ್ತದೆ, ಹಳೆಯ ಬಿಲ್ಲನ್ನು ಮತ್ತೆ ತೆಗೆದರೆ ಆ ದಿನದ ದರವೇ ಬರಬೇಕು, ಅದಕ್ಕೆ ಯಾವ ತಾರೀಖಿನಿಂದ ಯಾವ ದರ ಎಂದು ಬರೆದಿಟ್ಟಿದ್ದೇನೆ ಎಂದಳು. ಲೀಟರು ದಾಖಲಾಗಿ ಹಣ ಸೇರುವ ಮುನ್ನ ಕರೆಂಟು ಹೋದರೆ? ಎಂದು ಮುಂದುವರಿಸಿದೆ. "ಹಂಗೇ ಆಗಿತ್ತು ಸರ್. ಒಬ್ಬರಿಗೆ ಹಾಲು ಸೇರಿತ್ತು, ದುಡ್ಡು ಸೇರಿರಲಿಲ್ಲ. ಆಮೇಲೆ ಎರಡೂ ಒಟ್ಟಿಗೆ ಆಗಬೇಕು, ಇಲ್ಲಾಂದ್ರೆ ಎರಡೂ ಆಗಬಾರದು ಅಂತ ಬದಲಾಯಿಸಿದೆ." ಡೇಟಾಬೇಸ್ ಪಾಠದಲ್ಲಿ ಟ್ರಾನ್ಸಾಕ್ಷನ್ ಎಂದು ಕಲಿಸುವುದು ಇದನ್ನೇ. ಅದರ ವ್ಯಾಖ್ಯೆಯನ್ನು ಉರುಹೊಡೆದು ಒಪ್ಪಿಸುವವರು ದಿನವೂ ಸಿಗುತ್ತಾರೆ. ಅದಿಲ್ಲದೆ ರೈತನೊಬ್ಬನ ಲೆಕ್ಕ ತಪ್ಪುವುದನ್ನು ಕಣ್ಣಾರೆ ಕಂಡವರು ಸಿಗುವುದು ಅಪರೂಪ. ಅವಳನ್ನು ಆಯ್ಕೆ ಮಾಡಲು ನಮಗೆ ಹೆಚ್ಚು ಚರ್ಚೆ ಬೇಕಾಗಲಿಲ್ಲ.

ಆ ಸಂದರ್ಶನದ ಅರ್ಧಭಾಗ ಕನ್ನಡದಲ್ಲೇ ನಡೆಯಿತು, ನಾನು ಕನ್ನಡದವನಾಗಿದ್ದರಿಂದ. ಎಲ್ಲ ಕಡೆಯೂ ಹಾಗಾಗುವುದಿಲ್ಲ. ಎದುರಿಗಿರುವವರು ಹೈದರಾಬಾದಿನವರೋ ಪುಣೆಯವರೋ ಆಗಿದ್ದರೆ ಇಂಗ್ಲಿಷಿನಲ್ಲಿ ಹೇಳಲೇಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವರು ಇಲ್ಲಿ ಎಡವುವುದು ವ್ಯಾಕರಣದಿಂದಲ್ಲ, ದೊಡ್ಡ ವಾಕ್ಯ ಕಟ್ಟಲು ಹೋಗಿ ನಡುವೆ ನಿಂತುಬಿಡುವುದರಿಂದ. ಸಣ್ಣ ವಾಕ್ಯಗಳು ಸಾಕು. ನಿಮ್ಮ ಪ್ರಾಜೆಕ್ಟನ್ನು ಐದು ನಿಮಿಷ ಇಂಗ್ಲಿಷಿನಲ್ಲಿ ವಿವರಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿಕೊಳ್ಳಿ. ಮುಜುಗರವಾಗುತ್ತದೆ, ಆದರೂ ಸ್ಪೋಕನ್ ಇಂಗ್ಲಿಷ್ ತರಗತಿಗಿಂತ ಅದರಿಂದ ಹೆಚ್ಚು ಉಪಯೋಗವಿದೆ.

ಹಣ ಕೊಟ್ಟು ಕೆಲಸ ಪಡೆಯುವ ವಿಚಾರವನ್ನೂ ಹೇಳದೆ ಬಿಡುವಂತಿಲ್ಲ, ಏಕೆಂದರೆ ಊರಿನಿಂದ ಬರುವ ಎರಡನೇ ಸುತ್ತಿನ ಕರೆಗಳು ಅದರದ್ದೇ. ಸಾಚಾ ಕಂಪನಿ ಯಾವುದೂ ನೋಂದಣಿಗೋ ಲ್ಯಾಪ್‌ಟಾಪಿನ ಠೇವಣಿಗೋ ಅಭ್ಯರ್ಥಿಯಿಂದ ಹಣ ಕೇಳುವುದಿಲ್ಲ. ಹೆಸರಾಂತ ಕಂಪನಿಯ ಆಫರ್ ಲೆಟರ್ ಜಿಮೇಲ್ ವಿಳಾಸದಿಂದ ಬಂದರೆ ಅದನ್ನು ಓದುವ ಶ್ರಮವೂ ಬೇಡ. ಇನ್ನೊಂದು ಬಗೆ ಇದಕ್ಕಿಂತ ನಾಜೂಕಿನದು: ಎರಡು ಮೂರು ವರ್ಷಗಳ ಸುಳ್ಳು ಅನುಭವಪತ್ರ ಮಾಡಿಕೊಟ್ಟು, "ಎಕ್ಸ್‌ಪೀರಿಯೆನ್ಸ್ ಇದ್ದರೆ ಬೇಗ ಸಿಗುತ್ತೆ" ಎಂದು ಪುಸಲಾಯಿಸುವವರು. ಸೇರಿದ ಮೇಲೆ ನಡೆಯುವ ಹಿನ್ನೆಲೆ ಪರಿಶೀಲನೆಯಲ್ಲಿ ಪಿಎಫ್ (ಭವಿಷ್ಯನಿಧಿ) ಖಾತೆಯ ಯುಎಎನ್ ಎಂಬ, ಕಂಪನಿ ಬದಲಾದರೂ ಬದಲಾಗದ ಸಂಖ್ಯೆ ಹಾಕಿದರೆ ಯಾವ ಕಂಪನಿಗೆ ಯಾವಾಗ ಸೇರಿದ್ದು, ಯಾವಾಗ ಬಿಟ್ಟದ್ದು ಎಂಬುದೆಲ್ಲ ತೆರೆದುಕೊಳ್ಳುತ್ತದೆ. ಆಗ ಕೆಲಸ ಹೋಗುವುದಷ್ಟೇ ಅಲ್ಲ, ಮುಂದಿನ ಕಂಪನಿಗೆ ವಿವರಣೆ ಕೊಡುವುದೂ ಕಷ್ಟವಾಗುತ್ತದೆ.

ಅದರ ಬದಲು ಟೆಸ್ಟಿಂಗ್ (ಸಾಫ್ಟ್‌ವೇರನ್ನು ಪರೀಕ್ಷಿಸುವ) ಅಥವಾ ಸಪೋರ್ಟ್ (ಬಳಸುವವರ ತೊಂದರೆ ಬಗೆಹರಿಸುವ) ಕೆಲಸ ಸಿಕ್ಕರೆ ಸೇರಿಕೊಳ್ಳಿ ಎನ್ನುತ್ತೇನೆ. "ಡೆವಲಪ್‌ಮೆಂಟ್ ಅಲ್ಲದಿದ್ದರೆ ಬೇಡ" ಎಂದು ವರ್ಷಗಟ್ಟಲೆ ಕಾಯುವವರಿದ್ದಾರೆ. ಪದವಿ ಮುಗಿದ ವರ್ಷ ಹಳೆಯದಾದಷ್ಟೂ ಹೊಸಬರ ನೇಮಕಾತಿಯ ಬಾಗಿಲುಗಳು ಮುಚ್ಚುತ್ತಾ ಹೋಗುತ್ತವೆ ಎಂಬುದು ಅವರಿಗೆ ತಡವಾಗಿ ತಿಳಿಯುತ್ತದೆ. ಸಪೋರ್ಟಿನಲ್ಲಿ ರಾತ್ರಿ ಪಾಳಿ ಇರುತ್ತದೆ, ನಿಜ, ಆದರೆ ನಿಜವಾದ ಗ್ರಾಹಕರ ನಿಜವಾದ ತೊಂದರೆಗಳು ಕಣ್ಣಿಗೆ ಬೀಳುವುದೂ ಅಲ್ಲಿಯೇ. ಸೇರುವ ಮುನ್ನ ಮಾತ್ರ ಎರಡು ವಿಷಯ ಕೇಳಿಕೊಳ್ಳಿ: ಒಂದು, ಲಾಗ್ (ಪ್ರೋಗ್ರಾಮ್ ಓಡಿದ ದಾಖಲೆ) ಮತ್ತು ಡೇಟಾಬೇಸ್ ನೋಡುವ ಅವಕಾಶ ನಿಮಗಿರುತ್ತದೆಯೇ, ಅಥವಾ ಬಂದ ಟಿಕೆಟ್ಟನ್ನು (ಗ್ರಾಹಕರ ದೂರನ್ನು) ಮುಂದಿನವರಿಗೆ ದಾಟಿಸುವುದಷ್ಟೇ ಕೆಲಸವೇ; ಎರಡು, ಇಷ್ಟು ಕಾಲ ಬಿಡುವಂತಿಲ್ಲ ಎಂಬ ಬಾಂಡ್ ಇದ್ದರೆ ಎಷ್ಟು ಅವಧಿಗೆ, ನಡುವೆ ಬಿಟ್ಟರೆ ಎಷ್ಟು ಹಣ ಕಟ್ಟಬೇಕು. ಎರಡನೆಯದರ ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ.