ಹಿತ್ತಲಿನ ಹಗೇವು, ಅಪ್ಪನ ಉಳಿ

ಭಾನುವಾರ, 17 ನವೆಂಬರ್ 2024
ಗುತ್ತಲು, ಮಂಡ್ಯ

ಹಿತ್ತಲಿನಲ್ಲಿ ನೆಲಮಾಳಿಗೆಗೆಂದು ತೋಡಿಸುತ್ತಿದ್ದ ಗುಂಡಿಯಲ್ಲಿ ಶುಕ್ರವಾರ ಅಡ್ಡ ಬಂದ ಚಪ್ಪಡಿಯನ್ನು ಇಂದು ಬೆಳಿಗ್ಗೆ ಪೂರ್ತಿಯಾಗಿ ಎತ್ತಿದೆವು. ಕೆಳಗಿದ್ದದ್ದು ಹಗೇವು, ಹಿಂದಿನವರು ಕಾಳು ತುಂಬಿಡುತ್ತಿದ್ದ ನೆಲದೊಳಗಿನ ಕಣಜ. ಹುಟ್ಟಿದಾಗಿನಿಂದ ಈ ಹಿತ್ತಲಿನಲ್ಲಿ ಓಡಾಡಿದ ನನಗಾಗಲಿ, ಇದೇ ಮನೆಗೆ ಸೊಸೆಯಾಗಿ ಬಂದ ದೊಡ್ಡಮ್ಮನಿಗಾಗಲಿ ಅದರ ಸುಳಿವೇ ಇರಲಿಲ್ಲ. ಮಳೆಗಾಲದಲ್ಲಿ ನುಗ್ಗೆಮರದ ಪಕ್ಕದಲ್ಲಿ ನೆಲ ಸ್ವಲ್ಪ ಕುಸಿಯುತ್ತಿತ್ತು. ಹೆಗ್ಗಣದ ಬಿಲವೆಂದುಕೊಂಡು ವರ್ಷವರ್ಷವೂ ಒಂದೆರಡು ಬಾಂಡಲಿ ಮಣ್ಣು ಹಾಕಿ ತುಳಿದಿದ್ದೇವೆ, ಅಷ್ಟೆ.

ಕಲ್ಲಿಗೆ ಜೆಸಿಬಿಯ ಹಲ್ಲು ತಗುಲಿದ ಸದ್ದು ಟೊಳ್ಳಾಗಿ ಕೇಳಿಸಿತೆಂದು ಚಾಲಕ ಅಲ್ಲಿಗೇ ಯಂತ್ರ ನಿಲ್ಲಿಸಿದ್ದ. ಸುದ್ದಿ ಬೀದಿಗೆ ಹೋಗಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಸಂಜೆಯ ಹೊತ್ತಿಗೆ ಹುಡುಗರು ಕಾಂಪೌಂಡಿನ ಮೇಲೆ ಸಾಲಾಗಿ ಕುಳಿತು ನಿಧಿಯ ಲೆಕ್ಕ ಹಾಕುತ್ತಿದ್ದರು. ಬ್ರಿಟಿಷರು 1878ರಲ್ಲಿ ಮಾಡಿದ ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತು ಹತ್ತು ರೂಪಾಯಿಗಿಂತ ಹೆಚ್ಚಿನದಾದರೆ ಕಲೆಕ್ಟರರಿಗೆ ತಿಳಿಸಬೇಕಾಗಿತ್ತೆಂದು ನಾನು ಹೇಳಿದಾಗ, ಒಬ್ಬ ಹುಡುಗ, "ಹತ್ತು ರೂಪಾಯಿಗೆ ಒಂದು ಸೇರು ರಾಗಿನೂ ಬರಲ್ಲ ಸಾರ್" ಎಂದ. ಅವನ ಮಾತೇ ನಿಜವಾಯಿತು. ಒಳಗಿದ್ದದ್ದು ಕಪ್ಪಾದ ರಾಗಿಹೊಟ್ಟು, ಕೊಳೆತ ಹುಲ್ಲಿನ ಒಂದು ಪದರ, ತಳದಲ್ಲಿ ಗೇಣುದ್ದ ನೀರು.

ಶುಕ್ರವಾರದ ಸಂಗತಿಯನ್ನು ಬರೆಯಲೇಬೇಕು. ಚಪ್ಪಡಿಯನ್ನು ಹಾರೆಯಿಂದ ಮೀಟಿ ಒಂದು ಮೊಳದಷ್ಟು ಸರಿಸಿದ ಕೂಡಲೇ ನಾನು ಟಾರ್ಚು ಹಿಡಿದು ಬಾಯಿಯ ಅಂಚಿನಲ್ಲಿ ಕುಳಿತು ಕಾಲು ಇಳಿಬಿಟ್ಟಿದ್ದೆ. ಮೇಸ್ತ್ರಿ ಹಿಂದಿನಿಂದ ಬಂದು ನನ್ನ ರಟ್ಟೆ ಹಿಡಿದು ಎಳೆದ ರಭಸಕ್ಕೆ ಅಂಗಿಯ ಹೊಲಿಗೆ ಬಿಟ್ಟಿತು.

"ಏನ್ ಮೇಷ್ಟ್ರೇ, ಓದ್ದೋರಾಗಿ ಹಿಂಗ್ ಮಾಡ್ತೀರಲ್ಲ! ನಮ್ ತಾತನ ಕಾಲ್ದಲ್ಲಿ ಒಂದೇ ಹಗೇವಲ್ಲಿ ಅಪ್ಪ ಮಗ ಇಬ್ರೂ ಹೋದ್ರಂತೆ. ಇಳ್ದ ಮಗ ಕುಕ್ಕರಿಸ್ಕೊಂಡ ಅಂತ ಅಪ್ಪ ಇಳ್ದ. ಅವ್ನೂ ಮೇಲಕ್ ಬರ್ಲಿಲ್ಲ."

ಆಮೇಲೆ ಅವರು ಲಾಟೀನು ಹಚ್ಚಿ ಹಗ್ಗಕ್ಕೆ ಕಟ್ಟಿ ನಿಧಾನವಾಗಿ ಇಳಿಸಿದರು. ಒಂದಾಳುದ್ದವೂ ಇಳಿದಿರಲಿಲ್ಲ, ಬತ್ತಿ ಸಣ್ಣಗಾಗಿ ಹಳದಿ ತಿರುಗಿ ಆರಿಹೋಯಿತು. ಗಾಜಿನ ಬೋಗುಣಿಯ ಕೆಳಗೆ ಮೇಣದಬತ್ತಿ ಆರುವ ಪ್ರಯೋಗವನ್ನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮಕ್ಕಳಿಗೆ ಮಾಡಿ ತೋರಿಸಿದವನು ನಾನು. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವೆಂದೂ, ಅದು ತಗ್ಗಿನಲ್ಲಿ ನಿಲ್ಲುತ್ತದೆಂದೂ ಕಪ್ಪುಹಲಗೆಯ ಮೇಲೆ ಬರೆದದ್ದಕ್ಕೆ ಲೆಕ್ಕವಿಲ್ಲ. ಕಾಲು ಇಳಿಬಿಡುವಾಗ ಅದರಲ್ಲಿ ಒಂದಕ್ಷರವೂ ನೆನಪಾಗಲಿಲ್ಲ. ಬಾಯಿ ಮುಚ್ಚಿ ಮೆತ್ತಿದ ಹಗೇವಿನಲ್ಲಿ ಕಾಳು ತಾನೇ ಉಸಿರಾಡಿ ಒಳಗಿನ ಆಮ್ಲಜನಕವನ್ನು ಮುಗಿಸುವುದರಿಂದ ಹುಳು ಉಳಿಯುವುದಿಲ್ಲ, ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಹುಳುವನ್ನು ಕೊಲ್ಲುವ ಆ ಗಾಳಿಯೇ ಅವಸರದಲ್ಲಿ ಇಳಿದ ಮನುಷ್ಯನನ್ನೂ ಕೊಲ್ಲುತ್ತದೆ.

ಎರಡು ರಾತ್ರಿ ಬಾಯಿ ತೆರೆದು ಬಿಟ್ಟು, ಇಂದು ಹೊಂಗೆಯ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಬಹಳ ಹೊತ್ತು ಮೇಲೆ ಕೆಳಗೆ ಆಡಿಸಿದ ಮೇಲೆ ಲಾಟೀನು ತಳದವರೆಗೂ ಉರಿಯಿತು. ಆದರೂ ಮೇಸ್ತ್ರಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡೇ ಮೊದಲು ತಾವಿಳಿದು, ಆಮೇಲೆ ನನ್ನನ್ನೂ ಹಾಗೆಯೇ ಇಳಿಸಿದರು.

ಒಳಗೆ ಕಂಡದ್ದನ್ನು ಮರೆಯುವ ಮೊದಲು ಬರೆದಿಡುತ್ತೇನೆ. ಬಾಯಿ ಒಬ್ಬ ಮನುಷ್ಯ ಭುಜ ಕುಗ್ಗಿಸಿ ಇಳಿಯುವಷ್ಟು ಕಿರಿದು. ಕತ್ತಿನ ಕೆಳಗೆ ಗುಡಾಣದ ಹಾಗೆ ಅಗಲಿಸಿಕೊಂಡು ಹೋಗುತ್ತದೆ. ಇಟ್ಟಿಗೆಯಿಲ್ಲ, ಗಾರೆಯಿಲ್ಲ, ಬರೀ ಗಟ್ಟಿ ಕೆಮ್ಮಣ್ಣನ್ನು ಕಡಿದು ಮಾಡಿದ ಗೋಡೆ. ಆ ಗೋಡೆಯ ತುಂಬ ಹಾರೆಯ ಗುರುತುಗಳು, ಒಂದೊಂದೂ ಎರಡು ಬೆರಳಗಲ, ಎಲ್ಲವೂ ಎಡದಿಂದ ಬಲಕ್ಕೆ ಓರೆಯಾಗಿ, ಅಂಚು ಒಡೆಯದೆ ಚೊಕ್ಕವಾಗಿ ನಿಂತಿವೆ. ಮೇಸ್ತ್ರಿ ಒಂದು ಗುರುತಿನೊಳಗೆ ಹೆಬ್ಬೆರಳಿಟ್ಟು ಮೇಲಿನಿಂದ ಕೆಳಕ್ಕೆ ಎಳೆದರು.

"ಎಡಚನ ಕೆಲ್ಸ ಇದು. ಹಾರೆ ಮೊನೆ ನೋಡಿ, ಎಲ್ಲೂ ಮೊಂಡಾಗಿಲ್ಲ. ದಿವ್ಸಾ ಕುಲುಮೆಗ್ ಕೊಟ್ಟು ತಟ್ಟಿಸ್ಕೊಂಡು ಕಡ್ದವ್ನೆ."

ಯಾರೋ ಏನೋ. ಹೆಸರಿಲ್ಲ, ಕಾಲ ತಿಳಿಯದು, ಆದರೆ ಎಡಗೈಯವನೆಂಬುದೂ ಆಯುಧವನ್ನು ಮೊಂಡು ಬಿಡದವನೆಂಬುದೂ ಗೋಡೆಯ ಮೇಲೆ ಇನ್ನೂ ಇದೆ.

ಮೇಲೆ ಬಂದು ಕಾಫಿ ಕುಡಿಯುವಾಗ ಮೇಸ್ತ್ರಿ, ಈ ನೆಲಮಾಳಿಗೆ ಯಾತಕ್ಕೆಂದು ಮೊದಲ ಸಲ ಕೇಳಿದರು. ಅಪ್ಪನ ಬಡಗಿ ಪೆಟ್ಟಿಗೆಯನ್ನು ಇಡುವುದಕ್ಕೆ, ಅಲ್ಲೇ ಒಂದು ಮೇಜು ಹಾಕಿಕೊಂಡು ನಿವೃತ್ತಿಯ ಕಾಲದಲ್ಲಿ ಮರಗೆಲಸ ಕಲಿಯುವುದಕ್ಕೆ ಎಂದೆ. ಅವರು ಲೋಟ ಕೆಳಗಿಟ್ಟರು.

"ಕಬ್ಬಿಣನಾ? ನೆಲದೊಳಕ್ಕಾ? ರಾಗಿ ಬಾಯ್ ಮುಚ್ಕೊಂಡ್ ಕೂತಿರ್ತದೆ, ನೀವು ದಿನಾ ಬಾಗ್ಲು ತೆಗ್ದು ಹಾಕ್ತೀರಿ. ಬಿಸಿ ಗಾಳಿ ಒಳಕ್ ಬತ್ತದೆ, ತಣ್ಣಗಿರೋ ಕಬ್ಬಿಣದ ಮೇಲೆ ಬೆವರ್ತದೆ. ಆಮೇಲೆ ತುಕ್ಕು ಹಿಡೀತು ಅಂತ ನಮ್ಮೇಲ್ ಹೇಳ್ತೀರಿ."

ಹೀಗೆಂದು ಅವರು ತಮ್ಮ ಕರಣೆಯನ್ನು ಚೀಲದಿಂದ ತೆಗೆದು ತೋರಿಸಿದರು. ತಗಡು ಸವೆದು ಸವೆದು ಅರಳಿ ಎಲೆಯಷ್ಟಾಗಿದೆ, ಮೊನೆ ದುಂಡಾಗಿದೆ. ಆದರೆ ಹಿಡಿಯ ಬುಡದಲ್ಲಿ, ಎಲ್ಲರ ಕರಣೆಯಲ್ಲೂ ಸಿಮೆಂಟು ಗಂಟುಕಟ್ಟುವ ಆ ಮೂಲೆಯಲ್ಲಿ, ಒಂದು ಚೂರೂ ಇಲ್ಲ. ಊಟಕ್ಕೆ ಏಳುವ ಮುಂಚೆ ತೊಳೆದು ಒರೆಸಿಡುತ್ತಾರೆ, ಸಂಜೆ ಎಣ್ಣೆಬಟ್ಟೆಯಲ್ಲಿ ಒಮ್ಮೆ ಸವರುತ್ತಾರೆ. ಸಿಮೆಂಟು ಒಣಗಿ ಗಟ್ಟಿಯಾಗುವುದಲ್ಲ, ನೀರಿನೊಡನೆ ಕೂಡಿ ಕಲ್ಲಾಗುವುದು. ಆದ್ದರಿಂದ ಕರಣೆಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿಟ್ಟು ಊಟಕ್ಕೆ ಹೋಗುವ ಹುಡುಗರನ್ನು ಕಂಡರೆ ಅವರಿಗೆ ಕೋಪ ಬರುತ್ತದೆ. ಸುತ್ತಿಗೆಯ ಕಾವು ಸಡಿಲವಾದರೆ ನೀರಲ್ಲಿ ನೆನೆಹಾಕುವುದನ್ನೂ ಅವರು ಒಪ್ಪುವುದಿಲ್ಲ. ಉಬ್ಬಿದ ಮರ ಒಣಗಿದ ಮೇಲೆ ಮೊದಲಿಗಿಂತ ಹೆಚ್ಚು ಸಡಿಲವಾಗುತ್ತದೆ, ಹೊಸ ಬೆಣೆ ಹೊಡೆಯಬೇಕು ಎನ್ನುತ್ತಾರೆ.

ಅವರು ಹೋದ ಮೇಲೆ ಅಪ್ಪನ ಪೆಟ್ಟಿಗೆಯನ್ನು ತಗಡಿನ ಶೆಡ್ಡಿನಿಂದ ಹೊರಗೆ ತಂದೆ. ಸಿಮೆಂಟು ಮೂಟೆಗಳ ಪಕ್ಕದಲ್ಲಿ ಪ್ಲಾಸ್ಟಿಕ್ ಹೊದಿಸಿಟ್ಟು ಒಂದು ತಿಂಗಳ ಮೇಲಾಗಿತ್ತು. ಕಳೆದ ತಿಂಗಳ ಆಯುಧಪೂಜೆಯ ದಿನ ಎಲ್ಲವನ್ನೂ ತೊಳೆದು, ವಿಭೂತಿಯನ್ನು ನೀರಿನಲ್ಲಿ ಕಲಸಿ ಮೂರು ಬೆರಳಿನಲ್ಲಿ ಎಳೆದು, ಹೂವಿಟ್ಟು, ಮಂಗಳಾರತಿ ಮಾಡಿ, ಹಾಗೆಯೇ ಪೆಟ್ಟಿಗೆಯೊಳಗೆ ಇಟ್ಟಿದ್ದೆ. ಈಗ ಮೂರು ಉಳಿಗಳ ಮೇಲೂ ತುಕ್ಕು ಹಿಡಿದಿದೆ. ಉಳಿದ ಕಡೆ ತೆಳುವಾದ ಕಂದು ಬಣ್ಣವಷ್ಟೆ, ವಿಭೂತಿಯ ಗೆರೆಗಳಿದ್ದಲ್ಲಿ ಮಾತ್ರ ಕಬ್ಬಿಣ ತಿಂದುಹೋಗಿದೆ. ಮೂರು ಗೆರೆಗಳನ್ನು ಬೆರಳಿನಿಂದ ಎಣಿಸಬಹುದು. ಒಣಬಟ್ಟೆಯಲ್ಲಿ ಒಮ್ಮೆ ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದ್ದರೆ ಸಾಕಾಗಿತ್ತು. ಅಪ್ಪ ಪೂಜೆ ಮುಗಿದ ಮಾರನೆಯ ಬೆಳಿಗ್ಗೆ ಮೊದಲು ಮಾಡುತ್ತಿದ್ದುದೇ ಆ ಕೆಲಸ, ನಾನದನ್ನು ಪೂಜೆಯ ಭಾಗವೆಂದು ಎಣಿಸಿರಲೇ ಇಲ್ಲ.

ನೆಲಮಾಳಿಗೆಯ ವಿಷಯ. ಹಗೇವಿನ ಗೋಡೆಯ ಮೇಲೆ ತಳದಿಂದ ಸುಮಾರು ನಾಲ್ಕಡಿ ಎತ್ತರದಲ್ಲಿ ಸುತ್ತಲೂ ಒಂದು ಬಿಳಿಯ ಉಪ್ಪಿನ ಗೆರೆ ಇದೆ. ನೀರು ಯಾವಾಗಲೋ ಅಲ್ಲಿಯವರೆಗೆ ಏರಿ ನಿಂತಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. 1930ರ ದಶಕದಲ್ಲಿ ನಾಲೆ ಬಂದು ಈ ಕಡೆಯ ಹೊಲಗಳೆಲ್ಲ ಗದ್ದೆಯಾದ ಮೇಲೆ ನೆಲದೊಳಗಿನ ತೇವ ಏರಿ, ಹಗೇವುಗಳನ್ನು ಜನ ಒಂದೊಂದಾಗಿ ಕೈಬಿಟ್ಟರೆಂದು ದೊಡ್ಡಮ್ಮನ ಮಾವ ಹೇಳುತ್ತಿದ್ದರಂತೆ. ಈ ವರ್ಷ ಕನ್ನಂಬಾಡಿ ಕಟ್ಟೆ ಜುಲೈನಲ್ಲೇ 124.80 ಅಡಿ ತುಂಬಿ, ನಾಲೆಯಲ್ಲಿ ನೀರು ಹರಿದಿದೆ. ನಕ್ಷೆ ಬರೆದುಕೊಟ್ಟ ಎಂಜಿನಿಯರ್ ಮಾತ್ರ ಏಪ್ರಿಲ್ ತಿಂಗಳ ಬಿಸಿಲಲ್ಲಿ ಬಂದು ನೆಲ ನೋಡಿ, ಮಣ್ಣಿನ ಪರೀಕ್ಷೆಯ ಖರ್ಚು ದಂಡವೆಂದು ಹೇಳಿಹೋಗಿದ್ದರು.

ರಾತ್ರಿ ಊಟವಾದ ಮೇಲೆ ಲೆಕ್ಕ ಹಾಕಿದೆ. ಹತ್ತಡಿಗೆ ಹನ್ನೆರಡಡಿಯ ಮಾಳಿಗೆಯೆಂದರೆ ಹನ್ನೊಂದು ಚದರ ಮೀಟರಿಗೆ ಸ್ವಲ್ಪ ಹೆಚ್ಚು. ಹೊರಗಿನ ನೀರು ಅದರ ತಳಕ್ಕಿಂತ ಮೂರಡಿ ಮೇಲೆ ನಿಂತರೆ ಕೆಳಗಿನಿಂದ ಮೇಲಕ್ಕೆ ಒತ್ತುವ ಭಾರ ಹತ್ತು ಟನ್ನು. ಮೇಲೆ ಮನೆ ಕಟ್ಟಿದ್ದರೆ ಅದರ ತೂಕವೇ ಅದುಮಿ ಹಿಡಿಯುತ್ತದೆ. ಹಿತ್ತಲಿನಲ್ಲಿ ಒಂಟಿಯಾಗಿ ಕೂತ, ತೆಳುವಾದ ತಳದ ಖಾಲಿ ಮಾಳಿಗೆಯಾದರೆ ಬಿರುಕು ಬಿಡುತ್ತದೆ, ಇಲ್ಲವೆ ದೋಣಿಯ ಹಾಗೆ ಮೇಲೇಳುತ್ತದೆ. ಶಹಾಬಾದ್ ಕಲ್ಲು ಹಾಸಿ ಸುತ್ತಲೂ ಪೆಟ್ಟಿಗೆಯಂತೆ ನೀರುತಡೆ ಮಾಡಿಸಿದರೂ ನೀರು ಒಳಗೆ ಬರುವುದು ನಿಲ್ಲುತ್ತದೆಯೇ ಹೊರತು ಕೆಳಗಿನ ಒತ್ತಡ ಎಲ್ಲಿಗೂ ಹೋಗುವುದಿಲ್ಲ.

ಲೆಕ್ಕ ತೋರಿಸಿದ್ದಕ್ಕೆ ಇವಳು, "ಜೆಸಿಬಿಗೆ ಕೊಟ್ಟ ದುಡ್ಡು ಹೋಯಿತಲ್ಲ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಆ ಎಡಚನ ಗೋಡೆಯನ್ನು ಮುಚ್ಚಿಬಿಡುತ್ತೀರಾ?" ಎಂದು ಕೇಳಿದಳು. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ತೆರೆದಿಟ್ಟರೆ ಓಣಿಯ ಮಕ್ಕಳ ಭಯ, ಮುಚ್ಚಿದರೆ ಮತ್ತೆ ಹೆಗ್ಗಣದ ಬಿಲ.

ಈಗ ಹನ್ನೊಂದೂಕಾಲು. ಎರಡು ಉಳಿಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಇಟ್ಟಿಗೆಪುಡಿಯಲ್ಲಿ ತಿಕ್ಕಿ, ಒರೆಸಿ, ಎಣ್ಣೆ ಹಚ್ಚಿ ಅಡಿಗೆಮನೆಯ ಅಟ್ಟದ ಮೇಲೆ ಒಣ ಜಾಗದಲ್ಲಿಟ್ಟಿದ್ದೇನೆ. ಮೂರನೆಯದು, ಅರ್ಧ ಅಂಗುಲದ್ದು, ಬೆನ್ನಿನ ಕಡೆಯೇ ಗುಳಿಬಿದ್ದಿದೆ. ಬೆನ್ನು ಸಮತಟ್ಟಾಗದೆ ಅಂಚು ಕೂರಾಗುವುದಿಲ್ಲ. ಅಪ್ಪನ ಸಾಣೆಕಲ್ಲಿನ ನಡುವೆಯೂ ತಗ್ಗಾಗಿದೆ, ಆದ್ದರಿಂದ ಮೊದಲು ಕಲ್ಲನ್ನೇ ತೇಯ್ದು ಮಟ್ಟ ಮಾಡಬೇಕು. ಅದಕ್ಕೆ ಹಗೇವಿನ ಬಾಯಿಯ ಚಪ್ಪಡಿಯೇ ಸಾಕಾಗಬಹುದೇನೋ, ಒಂದು ಮಗ್ಗುಲು ನುಣುಪಾಗಿತ್ತು, ಬೆಳಿಗ್ಗೆ ಮೇಸ್ತ್ರಿ ಬಂದಾಗ ತಿರುಗಿಸಿ ನೋಡಬೇಕು.