ಸ್ಟ್ರಿಂಗ್ ಹೋಲಿಸೋಕೆ ರಿಕರ್ಷನ್ ಯಾಕೆ?

ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿಯುವವರಿಗೆ ಆಗಾಗ ಪಾಠ ಹೇಳುತ್ತೇನೆ. ರಿಕರ್ಷನ್‌ನಿಂದ, ಅಂದರೆ ಒಂದು ಫಂಕ್ಷನ್ (ಒಂದು ಕೆಲಸ ಮಾಡುವ ಕೋಡ್ ತುಣುಕು) ತನ್ನನ್ನೇ ಮತ್ತೆ ಕರೆಯುವ ವಿಧಾನದಿಂದ, ಎರಡು ಸ್ಟ್ರಿಂಗ್ (ಅಕ್ಷರಗಳ ಸಾಲು) ಹೋಲಿಸುವ ಲೆಕ್ಕ ಬಂದರೆ ಸಾಕು, ಯಾರಾದರೂ ಕೇಳಿಯೇ ಕೇಳುತ್ತಾರೆ: "ಸರ್, ಎರಡು ಸಲ ಈಕ್ವಲ್ ಒತ್ತಿದ್ರೆ ಮುಗಿಯೋ ಕೆಲಸಕ್ಕೆ ಇಷ್ಟೆಲ್ಲ ಯಾಕೆ?"

ನಿಜ. ಎರಡೂ ಒಂದೇನಾ ಅಂತ ಮಾತ್ರ ತಿಳಿಯಬೇಕಿದ್ದರೆ ರಿಕರ್ಷನ್ ಬೇಡವೇ ಬೇಡ. ಸುಮ್ನೆ ಅಕ್ಷರಕ್ಕೊಂದು ಕರೆ ಮಾಡುತ್ತಾ ಹೋದರೆ, ಸ್ಟ್ರಿಂಗ್ ಉದ್ದವಿದ್ದಾಗ ಪೈಥಾನ್ ಕೈ ಎತ್ತಿಬಿಡುತ್ತದೆ. ಒಂದರೊಳಗೊಂದು ಕರೆಗಳಿಗೆ ಅದು ಮೊದಲೇ ಇಟ್ಟಿರುವ ಮಿತಿ 1000 ಅಷ್ಟೇ.

ಆದರೆ 'ಅಡಿಕೆ', 'ಅಡಕೆ' ತಗೊಳ್ಳಿ. ಎರಡೂ ಬಳಕೆಯಲ್ಲಿವೆ. ಈಕ್ವಲ್ ಚಿಹ್ನೆ 'ಬೇರೆ' ಅಂದು ಸುಮ್ಮನಾಗುತ್ತದೆ. ಹುಡುಕುವವರಿಗೆ ಬೇಕಾದದ್ದು ಎಷ್ಟು ಬೇರೆ ಅನ್ನೋದು. ಒಂದನ್ನು ಇನ್ನೊಂದು ಮಾಡಲು ಕಡಿಮೆ ಅಂದರೆ ಎಷ್ಟು ತಿದ್ದಬೇಕು? ಈ ಅಳತೆಗೆ ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಶ್ಟೈನ್ ಅವರ ಹೆಸರಿದೆ. ಅವರು ಇದನ್ನು ಹೇಳಿದ್ದು 1965ರಲ್ಲಿ.

ಕಂಪ್ಯೂಟರ್ ಗುಣಿತಾಕ್ಷರದ ಸ್ವರಚಿಹ್ನೆಯನ್ನೂ ಬೇರೆಯಾಗಿ ಎಣಿಸುತ್ತದೆ. ಹಾಗಾಗಿ 'ಅಡಿಕೆ'ಯಲ್ಲಿ ಐದು ಸಂಕೇತ, 'ಅಡಕೆ'ಯಲ್ಲಿ ನಾಲ್ಕು. ಅ, ಡ ಎರಡರಲ್ಲೂ ಇವೆ, ಬಿಡಿ. ಆಮೇಲೆ ಒಂದು ಕಡೆ ಇಕಾರದ ಗುಡಿಸು, ಇನ್ನೊಂದು ಕಡೆ ಕ. ಇಲ್ಲಿ ಮೂರು ದಾರಿ. ಗುಡಿಸು ಅಳಿಸಿದರೆ ಉಳಿದದ್ದು ಎರಡೂ ಕಡೆ 'ಕೆ', ಒಟ್ಟು ಖರ್ಚು 1. ಗುಡಿಸಿನ ಜಾಗಕ್ಕೆ ಕ ಹಾಕಿದರೆ 2. ಗುಡಿಸಿನ ಮುಂದೆ ಹೊಸ ಕ ತುರುಕಿದರೆ 3. ಯಾವುದು ಅಗ್ಗ ಅಂತ ಮೊದಲೇ ಗೊತ್ತಾಗಲ್ಲ. ಮೂರನ್ನೂ ಹೊಕ್ಕು ನೋಡಬೇಕು, ಒಳಗೆ ಮತ್ತೆ ಮೂರು ಕವಲು. ಇದನ್ನು ಅದೇ ಸಾಲುಗಳನ್ನು ಮತ್ತೆ ಮತ್ತೆ ಓಡಿಸುವ ಲೂಪ್‌ನಲ್ಲೂ ಬರೆಯಬಹುದು, ಆದರೆ ಯೋಚನೆ ಹುಟ್ಟೋದು ರಿಕರ್ಷನ್‌ನಲ್ಲೇ.

ಹಾಗೇ ಓಡಿಸಿದರೆ ಮಾತ್ರ ಕಥೆ ಮುಗೀತು. ಒಂದೂ ಸಂಕೇತ ಹೊಂದದ, ಹತ್ತತ್ತು ಸಂಕೇತಗಳ ಎರಡು ಸ್ಟ್ರಿಂಗ್‌ಗೆ 1.2 ಕೋಟಿಗೂ ಜಾಸ್ತಿ ಕರೆ ಆಗುತ್ತವೆ. ಅವುಗಳಲ್ಲಿ ಬೇರೆ ಬೇರೆ ಪ್ರಶ್ನೆಗಳು 121 ಮಾತ್ರ, ಉಳಿದದ್ದೆಲ್ಲ ಕೇಳಿದ್ದನ್ನೇ ಕೇಳೋದು! ಸಿಕ್ಕ ಉತ್ತರ ಬರೆದಿಟ್ಟುಕೊಂಡರೆ ಸಾಕು. ಪೈಥಾನ್‌ನಲ್ಲಿ ಫಂಕ್ಷನ್ ಮೇಲೆ ಒಂದು ಸಾಲು ಹಾಕಿದರೆ ಅದೇ ನೆನಪಿಟ್ಟುಕೊಳ್ಳುತ್ತದೆ.

ಕನ್ನಡದವರಿಗೆ ಇನ್ನೊಂದು ಪೇಚು ಇದೆ, ನಾನೂ ಇದರಲ್ಲಿ ಒಂದು ಮಧ್ಯಾಹ್ನ ಕಳೆದಿದ್ದೇನೆ. ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡ್‌ನಲ್ಲಿ 'ಕೊ' ಬರೆಯಲು ಎರಡು ದಾರಿ: ಒಕಾರದ ಒಂದೇ ಚಿಹ್ನೆ, ಇಲ್ಲವೇ ಎಕಾರ, ಊಕಾರದ ಚಿಹ್ನೆಗಳು ಜೊತೆಯಾಗಿ. ಪರದೆ ಮೇಲೆ ಎರಡೂ ಒಂದೇ ಥರ. ಆದರೆ ಹೀಗೆ ಬರೆದ ಎರಡು 'ಕೊಡಗು' ನಡುವಿನ ಅಂತರ 2 ಬರುತ್ತದೆ, ಅಡಿಕೆ-ಅಡಕೆಗಿಂತ ಜಾಸ್ತಿ ಅಲ್ವಾ? ಅದಕ್ಕೇ ನಾನೀಗ ಹೋಲಿಸುವ ಮೊದಲು ಎರಡನ್ನೂ, ಇಂಥ ಜೊತೆ ಚಿಹ್ನೆಗಳನ್ನು ಒಂದೇ ಚಿಹ್ನೆ ಮಾಡುವ, ಎನ್‌ಎಫ್‌ಸಿ ರೂಪಕ್ಕೆ ತಂದುಕೊಳ್ಳುತ್ತೇನೆ.